ಗಾರ್ನೆಟ್ ಒತ್ತಿದ ಕಮಾಂಡು

ಗಾರ್ನೆಟ್ ಲೆಪ್ಕಿಗೆ ಕಂಪ್ಯೂಟರಿನ ಕಪ್ಪು ಪರದೆ ಎಂದರೆ ಪ್ರಾಣ. ಅದರೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳುವ ಗೋಜಿಗೆ ಮಾತ್ರ ಅವನು ಹೋದವನಲ್ಲ. ತನ್ನ ಕಂಪನಿಗೆ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಸಾಕು, ನೇರ ಹೆಡಿ ಪೆಟ್ಕಾವ್‌ಳ ಮೇಜಿನ ಬಳಿ ಕರೆತಂದು, ಅವಳ ಕುರ್ಚಿಯ ಬೆನ್ನಿಗೆ ಕೈ ಊರಿ, "ಮೌಸ್ ಹಿಡ್ಕೊಂಡು ಆಟ ಆಡೋರಲ್ಲ ನಾವು. ನಮ್ದೆಲ್ಲಾ ಕಮಾಂಡ್ ಲೈನು" ಎನ್ನುತ್ತಿದ್ದ. ಆ "ನಾವು" ಎಂಬುದರಲ್ಲಿ ಅವನ ಪಾಲು ಮೂರೇ ಮೂರು ಕಮಾಂಡು. ಆ ಮೂರನ್ನೂ ಹೆಡಿಯೇ ಕಲಿಸಿದ್ದಳು. ನಲವತ್ತು ವರ್ಷದ ಹಿಂದೆ ಚರ್ಚಿನ ಭಾನುವಾರದ ಶಾಲೆಯಲ್ಲಿ ಅವನಿಗೆ ದೇವರ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡಿಸಿದವಳೂ ಅವಳೇ. ಅವುಗಳಲ್ಲಿ ಈಗ ಎಷ್ಟು ಉಳಿದಿವೆಯೋ ಆ ದೇವರೇ ಹೇಳಬೇಕು.

ಲೆಪ್ಕಿ ಬೀಜದ ಕಂಪನಿ ಇರುವುದು ಮ್ಯಾನಿಟೋಬಾದ ಆಲ್ಟ್‌ಫೆಲ್ಡ್ ಊರಿನಲ್ಲಿ. ಅಲ್ಲಿಂದ ಇಪ್ಪತ್ತು ನಿಮಿಷ ಕಾರು ಓಡಿಸಿದರೆ ಅಮೆರಿಕದ ಗಡಿ. ಗಾರ್ನೆಟ್‌ನ ಅಜ್ಜ ಶುರು ಮಾಡಿದ ಕಂಪನಿ, ಅಪ್ಪ ಬೆಳೆಸಿದ ಕಂಪನಿ, ಈಗ ಗಾರ್ನೆಟ್ ಅದರ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾನೆ. ಪ್ರತಿ ನವೆಂಬರಿನಲ್ಲಿ ತೊಂಬತ್ತಾರು ಪುಟದ ಬೀಜದ ಕ್ಯಾಟಲಾಗು ಅಚ್ಚಿಗೆ ಹೋಗುತ್ತದೆ. ಹಿಮ ಸೊಂಟದವರೆಗೆ ಬಿದ್ದಿರುವ ಜನವರಿಯಲ್ಲಿ ಅದು ಮನೆಮನೆ ಸೇರುತ್ತದೆ. ಹೊರಗೆ ಮೈನಸ್ ಮೂವತ್ತು ಇರುವಾಗ ಬೀನ್ಸು, ಬೀಟ್‌ರೂಟುಗಳ ಬಣ್ಣದ ಚಿತ್ರ ನೋಡುತ್ತ ಕೂರುವುದು ಆ ಕಡೆಯ ಜನಕ್ಕೆ ಒಂದು ರೀತಿಯ ಪೂಜೆ.

ಆ ಕ್ಯಾಟಲಾಗನ್ನು ಕಟ್ಟುವವಳು ಹೆಡಿ. ಅರವತ್ತೊಂದು ವರ್ಷದ ಈ ಹೆಂಗಸಿನ ಬಳಿ ಒಂದೊಂದು ಪುಟಕ್ಕೆ ಒಂದೊಂದು ಫೈಲು ಇರುತ್ತದೆ. ಬದಲಾಗುವ ಮಾತು ಎಲ್ಲೆಲ್ಲಿ ಬರುತ್ತದೋ, ಅಂದರೆ ವರ್ಷ, ಊರಿನ ಹವಾಮಾನಕ್ಕೆ ತಕ್ಕ ಬಿತ್ತನೆಯ ದಿನಾಂಕ, ಹೊಸ ತಳಿಯ ಹೆಸರು, ಅಲ್ಲೆಲ್ಲ ಅವಳು ಒಂದು ಗುರುತು ಮಾತ್ರ ಬಿಟ್ಟಿರುತ್ತಾಳೆ. ಹೆಸರನ್ನು ಒಂದು ಕಡೆ, ವೇರಿಯಬಲ್ ಎಂಬ ಪುಟ್ಟ ಡಬ್ಬಿಯಲ್ಲಿ ತುಂಬಿಟ್ಟರೆ ಆಯಿತು. ಅವಳು ಬರೆದಿಟ್ಟ ಪ್ರೋಗ್ರಾಮು ಆ ಡಬ್ಬಿ ತೆಗೆದು, ಸೆಡ್ ಎಂಬ ಕಮಾಂಡಿನ ಕೈಯಲ್ಲಿ ತೊಂಬತ್ತಾರು ಪುಟದಲ್ಲೂ ಗುರುತು ಇದ್ದಲ್ಲೆಲ್ಲ ಹೆಸರು ಕೂರಿಸಿಕೊಂಡು ಬರುತ್ತದೆ. ಒಂದು ಗುಟುಕು ಕಾಫಿ ಕುಡಿಯುವುದರೊಳಗೆ ಕೆಲಸ ಮುಗಿದಿರುತ್ತದೆ. ಎಷ್ಟೋ ಕಂಪನಿಯವರು ಬಣ್ಣಬಣ್ಣದ ಸಾಫ್ಟ್‌ವೇರು ಮಾರಲು ಬಂದು ಹೆಡಿಯ ಕಾಫಿ ಕುಡಿದು ಬರಿಗೈಯಲ್ಲಿ ಹೋಗಿದ್ದರು.

ಒಂದು ವರ್ಷ ಅವಳು ಡಬ್ಬಿ ತುಂಬುವುದನ್ನೇ ಮರೆತು, ವರ್ಷ ಇರಬೇಕಾದಲ್ಲೆಲ್ಲ ಖಾಲಿ ಜಾಗ ಅಚ್ಚಾಗಿ, ಊರೆಲ್ಲ ನಕ್ಕಿತ್ತು. ಅಂದಿನಿಂದ ಪ್ರತಿ ಡಬ್ಬಿಗೂ ಅವಳು ಒಂದು ಬದಲಿ ಹೆಸರನ್ನು ಪ್ರೋಗ್ರಾಮಿನಲ್ಲೇ ಬರೆದಿಡುತ್ತಿದ್ದಳು. ಡಬ್ಬಿ ಖಾಲಿ ಕಂಡರೆ ಪ್ರೋಗ್ರಾಮು ಆ ಬದಲಿ ಹೆಸರನ್ನೇ ಹಾಕಿಬಿಡುತ್ತದೆ. ಆ ವರ್ಷದ ಹೊಸ ಟೊಮೇಟೊಗೆ ವಸಂತದಲ್ಲಿ ಯಾವ ಹೆಸರೂ ನಿಗದಿಯಾಗಿರಲಿಲ್ಲ. ಹೆಡಿ ಹೆಚ್ಚು ಯೋಚಿಸದೆ "ಮಿಲಾಗ್ರೋಸ್" ಎಂದು ಬರೆದಿಟ್ಟಿದ್ದಳು. ಆ ಟೊಮೇಟೊ ಬೆಳೆದವಳ ಹೆಸರು ಅದು. ಕರಡು ಪ್ರತಿಗಳಲ್ಲಿ ಆರು ತಿಂಗಳು ಅದೇ ಹೆಸರು ಓಡಾಡಿತು. ಯಾರೂ ಚಕಾರ ಎತ್ತಲಿಲ್ಲ. ಗಾರ್ನೆಟ್ ಎತ್ತುವ ಪ್ರಶ್ನೆಯೇ ಇರಲಿಲ್ಲ, ಅವನು ಕರಡು ಓದುವವನೇ ಅಲ್ಲ.

ಮಿಲಾಗ್ರೋಸ್ ದುಮ್ಲಾವ್ ಫಿಲಿಪೀನ್ಸಿನ ಬತಾಂಗಾಸ್‌ನಿಂದ ಬಂದು ಹದಿನೆಂಟು ವರ್ಷವಾಗಿತ್ತು. ಕಂಪನಿಯ ಹಿಂಭಾಗದ ಗಾಜಿನ ಮನೆಯೇ ಅವಳ ರಾಜ್ಯ. ಅಲ್ಲಿ ಕೆಲಸ ಮಾಡುವ ಅವಳ ಕಡೆಯ ಹುಡುಗಿಯರೆಲ್ಲ ಅವಳನ್ನು "ಆತೆ" ಎನ್ನುತ್ತಿದ್ದರು, ಅಕ್ಕ ಎಂದ ಹಾಗೆ. ಅದು ಕೇಳಿ ಕೇಳಿ ಕಂಪನಿಗೆಲ್ಲ ಅವಳು ಆತೆಯೇ ಆಗಿದ್ದಳು. ಮ್ಯಾನಿಟೋಬಾದ ಬೇಸಿಗೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮುಗಿಯುತ್ತದೆ. ಟೊಮೇಟೊ ಕೆಂಪಾಗುವ ಮೊದಲೇ ಇಬ್ಬನಿ ಹೆಪ್ಪುಗಟ್ಟಿ ಗಿಡ ಕರಕಲಾಗುತ್ತದೆ. ಆತೆ ಹನ್ನೆರಡು ವರ್ಷ ಹೂವಿಗೆ ಹೂವು ಕೂಡಿಸಿ, ಬೀಜ ಆರಿಸಿ, ಬೇಡದ್ದನ್ನು ಕಿತ್ತೆಸೆದು, ಕೊನೆಗೆ ಐವತ್ತೆಂಟೇ ದಿನದಲ್ಲಿ ಹಣ್ಣಾಗುವ ಒಂದು ತಳಿ ತೆಗೆದಿದ್ದಳು. ಹುಳಿ ಬೇಕಾದಷ್ಟು, ಸಿಹಿ ಬೇಕಾದಷ್ಟು. ಹೆಡಿ ಮೊದಲ ಹಣ್ಣಿಗೆ ಉಪ್ಪು ಹಾಕಿಕೊಂಡು ತಿಂದು, ಎರಡನೆಯದನ್ನು ಉಪ್ಪಿಲ್ಲದೆ ತಿಂದು, ಮೂರನೆಯದನ್ನು ಕೇಳದೇ ತಿಂದಿದ್ದಳು.

ಅಕ್ಟೋಬರಿನಲ್ಲಿ ಒಂದು ದಿನ ಆತೆ ಮಣ್ಣಿನ ಬೂಟು ಬಾಗಿಲಲ್ಲೇ ಬಿಟ್ಟು, ಬರೀ ಕಾಲುಚೀಲದಲ್ಲಿ ಗಾರ್ನೆಟ್‌ನ ಕೋಣೆಗೆ ಬಂದಳು. ಎದುರಿನ ಮೇಜಿನಲ್ಲಿ ಕೂತಿದ್ದ ಹೆಡಿಗೆ ಎಲ್ಲ ಕೇಳಿಸುತ್ತಿತ್ತು.

"ಸರ್, ಒಂದು ಮಾತಿತ್ತು."

"ಹೇಳಿ ಆತೆ."

"ಮಾರ್ಚ್‌ಗೆ ನಾನು ಕೆಲಸ ಬಿಡ್ತೀನಿ. ಮಂಡಿ ಕೇಳಲ್ಲ ಅಂತಿದೆ. ಈ ಸಲ ಬರೋದೇ ನನ್ನ ಕೊನೇ ಕ್ಯಾಟಲಾಗು. ಆ ಟೊಮೇಟೊಗೆ... ನನ್ನ ಹೆಸರಿಡ್ತೀರಾ?"

ಗಾರ್ನೆಟ್ ನಕ್ಕ. ಕೆಟ್ಟ ನಗು ಅಲ್ಲ ಅದು. ಮಗು ಚಂದ್ರ ಬೇಕು ಎಂದಾಗ ನಗುತ್ತಾರಲ್ಲ, ಹಾಗೆ. ಅದಕ್ಕೇ ಹೆಡಿಗೆ ಮೈಯೆಲ್ಲ ಉರಿಯಿತು.

"ಅಲ್ಲ ಆತೆ, ಗಾಜಿನ ಮನೆ ಯಾರ್ದು? ಮಣ್ಣು ಯಾರ್ದು? ಚಳಿಗಾಲ ಪೂರ್ತಿ ಹೀಟರ್ ಉರಿಸ್ದೋರು ಯಾರು? ಬೋರ್ಡ್ ಮೇಲೆ ಯಾರ ಹೆಸರಿದ್ಯೋ ಪ್ಯಾಕೆಟ್ ಮೇಲೂ ಅದೇ ಬರ್ಬೇಕು. ನಿಮ್ಗೆ ಒಂದು ಒಳ್ಳೇ ಗಡಿಯಾರ ಕೊಡ್ಸೋಣ ಬಿಡಿ."

"ಗಡಿಯಾರ ಇದೆ ಸರ್" ಎಂದಳು ಆತೆ. ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಳ್ಳಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ಮಂಡಿನೋವಿಗಷ್ಟೇ ಅಷ್ಟು ಹೊತ್ತು ಬೇಕಿರಲಿಲ್ಲ.

ಅಂದು ಮಧ್ಯಾಹ್ನ ಹೆಡಿ ಊಟದ ಡಬ್ಬಿ ಹಿಡಿದು ಗಾಜಿನ ಮನೆಗೆ ಹೋದಳು. ಇಬ್ಬರೂ ಮಣ್ಣಿನ ಚೀಲಗಳ ಮೇಲೆ ಕೂತು ಒಬ್ಬರ ಡಬ್ಬಿಯಿಂದ ಒಬ್ಬರು ತಿನ್ನುವುದು ವರ್ಷಗಳ ರೂಢಿ. ಆತೆಯ ಶಾವಿಗೆಯ ಪಾನ್ಸಿತ್ ಹೆಡಿಗೆ, ಹೆಡಿಯ ಗಿಣ್ಣು ತುಂಬಿದ ಕಡುಬು, ವೆರೆನಿಕೆ, ಆತೆಗೆ.

"ಅವ್ನ ತಲೆಗೆ ಒಂದು ಬಡೀಬೇಕು ಅನ್ಸತ್ತೆ" ಎಂದಳು ಹೆಡಿ.

"ನಿಮ್ಮ ಚರ್ಚಲ್ಲಿ ಹೊಡೆದಾಟ ಮಹಾಪಾಪ ಅಲ್ವಾ?"

"ಅನ್ಸೋದಕ್ಕೆ ಪಾಪ ಇಲ್ಲ."

"ಬಿಡು ಹೆಡಿ. ಹೆಸರಲ್ಲೇನಿದೆ, ತಿಂದೋರ ನಾಲಿಗೆಗೆ ಗೊತ್ತಿದ್ರೆ ಸಾಕು." ಹಾಗೆ ಹೇಳಿದ ಆತೆ ವೆರೆನಿಕೆಯನ್ನು ಅರ್ಧಕ್ಕೇ ಬಿಟ್ಟಳು. ಹದಿನೆಂಟು ವರ್ಷದಲ್ಲಿ ಅವಳು ವೆರೆನಿಕೆ ಬಿಟ್ಟದ್ದನ್ನು ಹೆಡಿ ಕಂಡಿರಲಿಲ್ಲ. ಡಬ್ಬಿ ಕೆಳಗಿಟ್ಟು ಆತೆ ತಾನಾಗಿಯೇ ಹೇಳಿದಳು: "ಈ ದೇಶಕ್ಕೆ ಬಂದು ನಾನು ಒಂದೇ ಒಂದು ಸಲ ಬಾಯ್ಬಿಟ್ಟು ಕೇಳಿದ್ದು. ಕೇಳ್ಬಾರ್ದಿತ್ತು."

ಹೆಡಿ ಉಳಿದ ವೆರೆನಿಕೆಯ ಮೇಲೆ ಡಬ್ಬಿಯ ಮುಚ್ಚಳ ಒತ್ತಿದಳು.

"ನೀನು ಮಾತ್ರ ಏನೂ ಕಿತಾಪತಿ ಮಾಡ್ಬೇಡ" ಎಂದು ಆತೆ ಅವಳ ಮುಖ ನೋಡಿಯೇ ಬೆರಳು ತೋರಿಸಿದಳು. "ಅವ್ನ ಹೆಸರು ಅಳಿಸಿ ನನ್ನ ಹೆಸರು ಹಾಕೋದು ಗೀಕೋದು ಮಾಡೀಯಾ! ಪಿಂಚಣಿಗೆ ಮೂರು ವರ್ಷ ಇದೆ ನಿಂಗೆ."

"ಛೇ, ಅದು ಸುಳ್ಳು ಹೇಳಿದ ಹಾಗಾಗತ್ತೆ. ನಾನು ಯಾವ ಹೆಸರನ್ನೂ ಮುಟ್ಟಲ್ಲ" ಎಂದಳು ಹೆಡಿ. ಆ ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಪಾಲಿಸಿದ ರೀತಿಯನ್ನು ಅವಳ ಚರ್ಚಿನ ಹಿರಿಯರು ಮೆಚ್ಚುತ್ತಿದ್ದರೋ ಇಲ್ಲವೋ, ಅದು ಬೇರೆ ವಿಚಾರ.

ಆ ತಿಂಗಳಿಡೀ ಗಾರ್ನೆಟ್ ಟೊಮೇಟೊಗೆ ಹೆಸರು ಹುಡುಕಿದ. ಸೋಮವಾರ "ಪ್ರೇರಿ ಕಿಂಗ್" ಎಂದ. ಬುಧವಾರ "ಲೆಪ್ಕಿ ಪ್ರೈಡ್" ಎಂದ. ಶುಕ್ರವಾರ ಎರಡೂ ಬೇಡವೆಂದು ಹೆಂಡತಿಯ ಹೆಸರಿಟ್ಟ, ಭಾನುವಾರ ಮನೆಯಲ್ಲಿ ಏನಾಯಿತೋ, ಸೋಮವಾರ ಅದನ್ನು ತೆಗೆಸಿದ. ಕೊನೆಗೆ "ಗಾರ್ನೆಟ್ ಗ್ಲೋರಿ" ಎಂಬಲ್ಲಿಗೆ ಬಂದು ನಿಂತ. ಅಷ್ಟು ಹೊತ್ತಿಗೆ ಕ್ಯಾಟಲಾಗಿನ ಮೊದಲ ಪುಟಕ್ಕೆ ಯಜಮಾನನ ಪತ್ರವನ್ನೂ ಬರೆದು ಮುಗಿಸಿದ್ದ. ಹೆಸರು ಬದಲಾಗುತ್ತಲೇ ಇದ್ದದ್ದರಿಂದ ಹೆಡಿ ಆ ಪತ್ರದಲ್ಲೂ ಹೆಸರಿನ ಜಾಗದಲ್ಲಿ ಗುರುತನ್ನೇ ಬಿಟ್ಟಿದ್ದಳು.

ಇನ್ನು ಆ ಕಂಪನಿಯ ಒಂದು ಸಂಪ್ರದಾಯವಿದೆ. ಅಜ್ಜನ ಕಾಲದಲ್ಲಿ ಕಂಪನಿಯಲ್ಲೇ ಒಂದು ಸಣ್ಣ ಅಚ್ಚಿನ ಯಂತ್ರವಿತ್ತು. ಕ್ಯಾಟಲಾಗಿನ ಮೊದಲ ಹಾಳೆಗೆ ಅಜ್ಜ ತನ್ನ ಕೈಯಿಂದಲೇ ಮಸಿ ಬಳಿಯುತ್ತಿದ್ದ, ಕೆಲಸದವರೆಲ್ಲ ಸುತ್ತ ನಿಂತು ಬೆಣ್ಣೆ ಟಾರ್ಟು ಎಂಬ ಸಿಹಿ ತಿನಿಸು ತಿನ್ನುತ್ತಿದ್ದರು. ಯಂತ್ರ ಹೋಗಿ ಕಂಪ್ಯೂಟರು ಬಂದ ಮೇಲೂ ಟಾರ್ಟು ಹೋಗಲಿಲ್ಲ, ಯಜಮಾನನ ಕೈಯೂ ಹೋಗಲಿಲ್ಲ. ಪ್ರತಿ ವರ್ಷ ಹೆಡಿ ಎಲ್ಲ ಟೈಪ್ ಮಾಡಿ ಸಿದ್ಧ ಮಾಡಿಟ್ಟು ಎದ್ದು ನಿಲ್ಲುತ್ತಿದ್ದಳು, ಗಾರ್ನೆಟ್ ಕೂತು ಒಂದು ಕೀಲಿ ಒತ್ತುತ್ತಿದ್ದ, ಚಪ್ಪಾಳೆ ಬೀಳುತ್ತಿತ್ತು.

ಈ ಸಲ ಊರಿನ ವಾರಪತ್ರಿಕೆಯ ಸಂಪಾದಕ ವಿಲ್ಮರ್ ಹಾರ್ಡರ್ ಕ್ಯಾಮೆರಾ ಹಿಡಿದು ಬರುವವನಿದ್ದ. ಗಾರ್ನೆಟ್ ಹೆಡಿಯ ಮೇಜಿಗೆ ಬಂದ. ಏನಾದರೂ ಬೇಕಾದಾಗ ಮಾತ್ರ ಅವನ ಬಾಯಲ್ಲಿ "ತಾಂತೆ" ಬರುತ್ತಿತ್ತು, ಅವರ ಮನೆಮಾತಿನಲ್ಲಿ ಚಿಕ್ಕಮ್ಮ, ಅತ್ತೆ ಎಲ್ಲದಕ್ಕೂ ಅದೇ ಶಬ್ದ.

"ತಾಂತೆ, ಈ ಸಲ ಎಲ್ಲಾ ನಾನೇ ಟೈಪ್ ಮಾಡ್ಲಾ? ಬರೀ ಒಂದು ಕೀಲಿ ಒತ್ತಿದ್ರೆ ಫೋಟೊದಲ್ಲಿ ಏನು ಚೆನ್ನಾಗಿರತ್ತೆ?"

ಹೆಡಿ ಕನ್ನಡಕ ತೆಗೆದು ಒರೆಸಿದಳು. ಒರೆಸುವಷ್ಟು ಹೊತ್ತು ಅವಳ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ಅವಳು ಯಾರಿಗೂ ಹೇಳಿದವಳಲ್ಲ.

"ಮಾಡು ಮಗನೇ. ಯಾಕೆ ಮಾಡ್ಬಾರ್ದು? ನಿಂದೇ ಕಂಪನಿ" ಎಂದಳು. ಒಂದು ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆದಳು. ಒಂದೂ ತಪ್ಪಿಲ್ಲದ ಮೂರು ಸಾಲು. "ನೋಡು, ಮೊದಲ್ನೇ ಸಾಲು ಡಬ್ಬೀಲಿ ಹೆಸರು ತುಂಬೋದು. ಎರಡನೇದು ಎಕ್ಸ್‌ಪೋರ್ಟ್ ಅಂತ ಹೊಡೆಯೋದು. ಮೂರನೇದು ಪ್ರೋಗ್ರಾಂ ಓಡ್ಸೋದು. ಎರಡನೇದನ್ನ ಮರೀಬೇಡ."

"ಅದ್ಯಾಕೆ?"

"ನಮ್ಮ ಬೀಜ ಗಡಿ ದಾಟಿ ಅಮೆರಿಕಕ್ಕೆ ಹೋಗ್ಬೇಕಾದ್ರೆ ಕಾಗದ ಬೇಡ್ವಾ? ಹಾಗೇನೇ ಇದು. ನೀನು ಈ ಪರದೇಲಿ ಡಬ್ಬಿ ತುಂಬಿದ್ರೆ ಅದು ಇಲ್ಲೇ ಇರತ್ತೆ. ಪ್ರೋಗ್ರಾಂ ಇರೋದು ಗಡಿ ಆಚೆ. ಎಕ್ಸ್‌ಪೋರ್ಟ್ ಅಂತ ಕಾಗದ ಕೊಟ್ರೇನೇ ಡಬ್ಬಿ ಆಚೆ ಹೋಗೋದು. ಇಲ್ದೇ ಹೋದ್ರೆ ಅದಕ್ಕೆ ನಿನ್ನ ಹೆಸರೇ ಕಾಣಲ್ಲ. ಕರಡಲ್ಲಿರೋ ಹಳೇ ಹೆಸರನ್ನೇ ಎಲ್ಲಾ ಕಡೆ ಹಾಕ್ಬಿಡತ್ತೆ. ಕೇಳಿಸ್ತಾ?"

ಗಾರ್ನೆಟ್ ಕಿಟಕಿಯ ಗಾಜಿನಲ್ಲಿ ತನ್ನ ಕೂದಲು ನೋಡಿಕೊಳ್ಳುತ್ತಿದ್ದ. "ಕೇಳಿಸ್ತು ತಾಂತೆ, ಗೊತ್ತು ಗೊತ್ತು" ಎಂದು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಹೆಡಿಗೆ ಭಾನುವಾರದ ಶಾಲೆಯಲ್ಲಿ ಇದೇ "ಗೊತ್ತು ಗೊತ್ತು" ಕೇಳಿ ಅಭ್ಯಾಸವಿತ್ತು. ಪರೀಕ್ಷೆಯ ದಿನ ಏನಾಗುತ್ತದೆ ಎಂಬುದೂ ಅಭ್ಯಾಸವಿತ್ತು.

ನವೆಂಬರಿನ ಒಂದು ಗುರುವಾರ ಹತ್ತು ಗಂಟೆಗೆ ಎಲ್ಲರೂ ಸೇರಿದರು. ಪ್ಯಾಕಿಂಗಿನವರು, ಗಾಜಿನ ಮನೆಯವರು, ಎರಡು ತಟ್ಟೆ ಟಾರ್ಟು, ಕ್ಯಾಮೆರಾ ನೇತುಹಾಕಿಕೊಂಡ ವಿಲ್ಮರ್. ಆತೆ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಬರುವುದಿಲ್ಲ ಎಂದಿದ್ದವಳನ್ನು ಹೆಡಿಯೇ ಎಳೆದು ತಂದಿದ್ದಳು.

"ಟೊಮೇಟೊ ಹೆಸರು ಜನವರಿವರೆಗೆ ಗುಟ್ಟು" ಎಂದು ಗಾರ್ನೆಟ್ ವಿಲ್ಮರ್‌ಗೆ ಕೈಯೆತ್ತಿ ತಾಕೀತು ಮಾಡಿದ. "ಕ್ಯಾಟಲಾಗು ಮನೆ ಸೇರೋವರೆಗೂ ಒಂದಕ್ಷರ ಹಾಕ್ಬಾರ್ದು."

ನಂತರ ಹೆಡಿಯ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಿಸಿದ. ಜೇಬಿನಿಂದ ಹಾಳೆ ತೆಗೆದ. ಸುತ್ತ ನಿಂತವರನ್ನೊಮ್ಮೆ ನೋಡಿದ. ಕಮಾಂಡ್ ಲೈನಿನ ಸರದಾರ ಹೆಂಗಸಿನ ಕೈಬರಹ ನೋಡಿಕೊಂಡು ಟೈಪ್ ಮಾಡಿದರೆ ಹೇಗಿರುತ್ತದೆ? ಹಾಳೆಯನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು ಅದರ ಮೇಲೆ ಕಾಫಿ ಲೋಟ ಇಟ್ಟ.

ಎರಡು ಬೆರಳಿನಲ್ಲಿ, ನಾಲಿಗೆ ತುದಿ ಹೊರಗೆ ಹಾಕಿ, ಮೊದಲ ಸಾಲು ಹೊಡೆದ. ಟೊಮೇಟೊ, ಸಮಚಿಹ್ನೆ, ಗಾರ್ನೆಟ್ ಗ್ಲೋರಿ. ಸರಿಯಾಗಿತ್ತು. ಆಮೇಲೆ ನೇರ ಮೂರನೇ ಸಾಲಿಗೆ ಕೈಯಿಟ್ಟ.

ಎಕ್ಸ್‌ಪೋರ್ಟ್ ಬಿಟ್ಟುಹೋದದ್ದು ಹೆಡಿಗೆ ಕಂಡಿತು. ಸುಮ್ಮನಿದ್ದರೆ ಆಯಿತು. ಆದರೆ ಸುಮ್ಮನಿರುವುದೂ ಒಂದು ಬಗೆಯ ಸುಳ್ಳೇ ಎಂದು ಅವಳೇ ಮಕ್ಕಳಿಗೆ ಹೇಳಿಕೊಟ್ಟಿದ್ದಳಲ್ಲ. ಬಾಯಿ ತಡೆಯಲಿಲ್ಲ.

"ಗಾರ್ನೆಟ್, ಹಾಳೇಲಿ ಮೂರು ಸಾಲಿತ್ತು."

ಎಲ್ಲರೂ ಅವಳತ್ತ ತಿರುಗಿದರು. ಗಾರ್ನೆಟ್‌ನ ಕಿವಿ ಕೆಂಪಾಯಿತು.

"ತಾಂತೆ, ದಯವಿಟ್ಟು! ನಂಗೆ ಬರತ್ತೆ." ಬರುತ್ತದೆ ಎಂದು ತೋರಿಸಲು ಅವನು ತನಗೆ ಗೊತ್ತಿದ್ದ ಇನ್ನೊಂದು ಕಮಾಂಡು ಹೊಡೆದ, ಡಬ್ಬಿಯೊಳಗೆ ಏನಿದೆ ಎಂದು ಪರದೆಯ ಮೇಲೆ ತೋರಿಸುವ ಎಕೋ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ "ಗಾರ್ನೆಟ್ ಗ್ಲೋರಿ" ಎಂದು ಮೂಡಿತು. "ನೋಡಿ! ಇದೆಯಲ್ಲ ಹೆಸರು? ಮತ್ತೇನು ಬೇಕು?"

ಹೆಸರು ಇತ್ತು, ಅದೇನೂ ಸುಳ್ಳಲ್ಲ. ಗಡಿಯ ಈಚೆಗಿತ್ತು, ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಆತೆ ಮಾತ್ರ ಕೈ ಕಟ್ಟಿಕೊಂಡು ಆ ಹಸಿರು ಅಕ್ಷರಗಳನ್ನು ನೋಡುತ್ತಿದ್ದಳು. ಹೆಡಿ ಅವಳ ಮುಖ ನೋಡಿದಳು. ಎರಡನೇ ಸಲ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ತಟ್ಟೆಗೆ ಕೈಹಾಕಿ ಇದ್ದುದರಲ್ಲಿ ಅತಿ ದೊಡ್ಡ ಟಾರ್ಟನ್ನು ಆರಿಸಿ ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಬಾಯಿ ತುಂಬಿದ್ದಾಗ ಮಾತಾಡಬಾರದು ಎಂದು ಅವಳ ತಾಯಿ ಕಟ್ಟುನಿಟ್ಟಾಗಿ ಕಲಿಸಿದ್ದಳು.

ಗಾರ್ನೆಟ್ ಕೀಲಿ ಒತ್ತಿದ. ತೊಂಬತ್ತಾರು ಪುಟದ ಫೈಲುಗಳ ಹೆಸರು ಪರದೆಯ ಮೇಲೆ ಸರಸರ ಓಡಿ ನಿಂತವು. ವಿಲ್ಮರ್ ಫೋಟೊ ಹೊಡೆದ.

"ಒಂದು ಪುಟ ತೆರೆದು ತೋರ್ಸಪ್ಪ" ಎಂದ ವಿಲ್ಮರ್.

ಹೆಡಿಯ ಗಂಟಲಲ್ಲಿ ಟಾರ್ಟು ಸಿಕ್ಕಿಕೊಂಡಿತು. ಆದರೆ ಪುಟ ತೆರೆದು ತೋರಿಸುವುದು ಗಾರ್ನೆಟ್‌ನ ಮೂರು ಕಮಾಂಡುಗಳಲ್ಲಿ ಇರಲಿಲ್ಲ. ಹೆಡಿಯನ್ನು ಕೇಳಬೇಕಿತ್ತು. ಈಗಷ್ಟೇ ಅವಳನ್ನು ಎಲ್ಲರೆದುರು ಸುಮ್ಮನಾಗಿಸಿದ ಬಾಯಿಂದ ಅದು ಹೇಗೆ ಬಂದೀತು? "ಹೆಸರು ಆಗ್ಲೇ ನೋಡಿದ್ರಲ್ಲ, ಗುಟ್ಟು ಅಂದ್ನಲ್ಲ" ಎಂದು ಎದ್ದುಬಿಟ್ಟ. ಮಧ್ಯಾಹ್ನ ಕ್ಯಾಟಲಾಗು ವಿನಿಪೆಗ್‌ನ ಮುದ್ರಣಾಲಯಕ್ಕೆ ಹೋಯಿತು.

ಮುದ್ರಣಾಲಯದಿಂದ ಬಂದ ಕೊನೆಯ ಕರಡು ಪ್ರತಿಯನ್ನು ಹೆಡಿ ತಾನೇ ಅವನ ಮೇಜಿನ ಮೇಲಿಟ್ಟಳು. "ಓದಿ ಸಹಿ ಹಾಕು. ಮೊದಲ್ನೇ ಪುಟ, ಮೂವತ್ತೊಂದನೇ ಪುಟ ಚೆನ್ನಾಗಿ ನೋಡು" ಎಂದಳು. ಇದಕ್ಕಿಂತ ಹೆಚ್ಚು ಸತ್ಯ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಮೂರು ದಿನ ಆ ಪ್ರತಿ ಅಲ್ಲೇ ಬಿದ್ದಿತ್ತು. ಮೂರು ದಿನವೂ ಅವನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾದರೆ ಸಾಕು, ಹೆಡಿಗೆ ಪಿಂಚಣಿ ಕಣ್ಣೆದುರು ಹಾದುಹೋಗುತ್ತಿತ್ತು. ಕೊನೆಗೆ ಅವನು ಫೋನಿನಲ್ಲಿ ಕರ್ಲಿಂಗ್ ಪಂದ್ಯದ ಮಾತಾಡುತ್ತ, ತೆರೆಯದೆಯೇ ರಕ್ಷಾಪುಟದ ಮೇಲೆ ಸಹಿ ಗೀಚಿದ್ದನ್ನು ಗಾಜಿನ ಬಾಗಿಲಿನಿಂದ ನೋಡಿದಳು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಜನವರಿ ಎರಡನೇ ವಾರ. ಕಂಪನಿಗೆ ಬಂದ ಕ್ಯಾಟಲಾಗಿನ ಮೊದಲ ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಅಷ್ಟರಲ್ಲೇ ವೃದ್ಧಾಶ್ರಮದಲ್ಲಿದ್ದ ಗಾರ್ನೆಟ್‌ನ ತಾಯಿ ಟೀನಾಳ ಫೋನು ಬಂತು. ಕಿವಿ ಮಂದವಾದ ಮುದುಕಿ ಎಷ್ಟು ಜೋರಾಗಿ ಮಾತಾಡುತ್ತಿದ್ದಳೆಂದರೆ ಹೆಡಿಯ ಮೇಜಿಗೂ ಕೇಳಿಸುತ್ತಿತ್ತು.

"ಗಾರ್ನೆಟ್! ಇಷ್ಟು ಒಳ್ಳೇ ಬುದ್ಧಿ ನಿಂಗೆ ಯಾವಾಗ ಬಂತೋ? ನಾನು ಓದಿ ಅತ್ತುಬಿಟ್ಟೆ ಕಣೋ. ನರ್ಸ್‌ಗೂ ಓದಿ ಹೇಳ್ದೆ, ಅವಳೂ ಅತ್ಲು. ಅವಳೂ ಫಿಲಿಪೀನ್ಸ್ ಕಡೆಯೋಳೇ!"

"ಏನಮ್ಮಾ? ಏನು ಓದ್ದೆ?"

"ನಿನ್ನ ಪತ್ರ ಕಣೋ!"

ಗಾರ್ನೆಟ್ ಕಟ್ಟು ಹರಿದು ಒಂದು ಪ್ರತಿ ಎಳೆದುಕೊಂಡ. ಮೊದಲ ಪುಟದಲ್ಲಿ, ಅವನದೇ ನಗುವ ಫೋಟೊದ ಕೆಳಗೆ, ಅವನೇ ಬರೆದ ಮಾತುಗಳಿದ್ದವು: "ಈ ಟೊಮೇಟೊ ಒಬ್ಬ ವ್ಯಕ್ತಿಯ ಹನ್ನೆರಡು ವರ್ಷದ ಕನಸು. ಆ ವ್ಯಕ್ತಿ ಯಾರೆಂದು ನಾನು ಹೇಳಬೇಕಿಲ್ಲ, ಹೆಸರೇ ಹೇಳುತ್ತದೆ. ಹೆಮ್ಮೆಯಿಂದ ನಿಮ್ಮ ಮುಂದಿಡುತ್ತಿದ್ದೇನೆ: ಮಿಲಾಗ್ರೋಸ್."

ಅವನು ಕ್ಯಾಟಲಾಗು ಹಿಡಿದು ಹೆಡಿಯ ಮೇಜಿಗೆ ನುಗ್ಗಿದ. ಮುಖ ಅವನ ಬೀಟ್‌ರೂಟಿನ ಪುಟದ ಬಣ್ಣಕ್ಕೆ ತಿರುಗಿತ್ತು.

"ಯಾರು ಮಾಡಿದ್ದು ಇದನ್ನ?"

"ನೀನೇ" ಎಂದಳು ಹೆಡಿ. ಹೊಡೆದ ಕಮಾಂಡುಗಳನ್ನೆಲ್ಲ ಆ ಕಪ್ಪು ಪರದೆ ನೆನಪಿಟ್ಟುಕೊಂಡಿರುತ್ತದೆ. ನವೆಂಬರಿನ ಆ ಗುರುವಾರದ್ದನ್ನು ಅವಳು ತೆಗೆದು ತೋರಿಸಿದಳು. "ಇಲ್ಲಿ ಡಬ್ಬಿ ತುಂಬಿದ್ದೀಯ. ಇಲ್ಲಿ ಎಲ್ಲರಿಗೂ ತೋರ್ಸಿದ್ದೀಯ. ಇಲ್ಲಿ ಪ್ರೋಗ್ರಾಂ ಓಡ್ಸಿದ್ದೀಯ. ಎಕ್ಸ್‌ಪೋರ್ಟ್ ಎಲ್ಲಿದೆ ಹುಡುಕು, ನಂಗೆ ಕಾಣ್ತಿಲ್ಲ."

"ನೀವು ಹೇಳ್ಬೇಕಿತ್ತು ತಾಂತೆ!"

"ಹೇಳಿದ್ನಲ್ಲ. ಹಾಳೇಲಿ ಬರೆದ್ಕೊಟ್ಟೆ, ಬಾಯಲ್ಲೂ ಹೇಳ್ದೆ. ಆ ದಿನ ಎಲ್ಲರೆದ್ರಿಗೂ ಹೇಳ್ದೆ. ನಂಗೆ ಬರತ್ತೆ ಅಂದೆ ನೀನು."

"ಇನ್ನೊಂದ್ಸಲ ಹೇಳೋಕೇನಾಗಿತ್ತು?"

"ಬಾಯಲ್ಲಿ ಟಾರ್ಟ್ ಇತ್ತು."

ಗಾರ್ನೆಟ್ ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತ. ಮೂವತ್ತೆಂಟು ಸಾವಿರ ಪ್ರತಿ ಅಂಚೆಗೆ ಹೋಗಿಯಾಗಿತ್ತು. ವಾಪಸು ಕರೆಸುವ ಮಾತೇ ಇರಲಿಲ್ಲ. ತಿದ್ದುಪಡಿ ಚೀಟಿ ಅಚ್ಚು ಮಾಡಿಸಿ ಕಳಿಸಬಹುದಿತ್ತು. ಅದರಲ್ಲಿ ಏನೆಂದು ಬರೆಯುವುದು? ತನಗೆ ಎರಡನೇ ಸಾಲು ಮರೆತುಹೋಯಿತು ಎಂದೇ? ಅವನು ಅದನ್ನೇ ಯೋಚಿಸುತ್ತಿರುವಾಗ ವಿಲ್ಮರ್ ಬಾಗಿಲು ತಳ್ಳಿಕೊಂಡು, ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದ.

"ಕಳ್ಳ ನೀನು, ಗಾರ್ನೆಟ್! ಆ ದಿನ ಪರದೆ ಮೇಲೆ ನಿನ್ನ ಹೆಸರು ತೋರ್ಸಿ ನಮ್ಮನ್ನೆಲ್ಲಾ ಯಾಮಾರಿಸ್ದೆ! ಆತೆಗೆ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ? ಎಂಥಾ ಸರ್‌ಪ್ರೈಸು! ಗುಟ್ಟು ಗುಟ್ಟು ಅಂತ ನೀನು ಬಡ್ಕೊಂಡಾಗ್ಲೇ ನಂಗೆ ಅನುಮಾನ ಇತ್ತು."

ಗಾರ್ನೆಟ್ ಹೆಡಿಯನ್ನು ನೋಡಿದ. ಹೆಡಿ ಚಾವಣಿ ನೋಡುತ್ತಿದ್ದಳು.

"ಹೂಂ" ಎಂದ ಗಾರ್ನೆಟ್. ಗಂಟಲು ಸರಿಮಾಡಿಕೊಂಡ. "ಅದೇ. ಸರ್‌ಪ್ರೈಸು. ನನ್ನದೇ ಯೋಚನೆ." ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಐದು ನಿಮಿಷದಲ್ಲಿ ಅವನೇ ಅದನ್ನು ನಂಬಿಯೂಬಿಟ್ಟ. "ಹನ್ನೆರಡು ವರ್ಷ ದುಡಿದೋರಿಗೆ ಒಂದು ಹೆಸರು ಕೊಡ್ದೇ ಇದ್ರೆ ಹೇಗ್ರೀ?"

ಹೆಡಿಗೆ ಹೊಟ್ಟೆ ಉರಿದುಹೋಯಿತು. ಕೀಟಲೆ ಅವಳದು, ಭಯಪಟ್ಟವಳು ಅವಳು, ಪತ್ರಿಕೆಯಲ್ಲಿ ಫೋಟೊ ಇವನದು. ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಅವಳು ಮಾಡಿದ ತಪ್ಪಿಗೆ ದೇವರು ಸರಿಯಾದ ಶಿಕ್ಷೆಯನ್ನೇ ಆರಿಸಿದ್ದ.

ಆಗ ಹಿಂಬಾಗಿಲಿಂದ ಆತೆ ಬಂದಳು. ಮಡಿಗಳಿಗೆ ಹೊಸ ಮಣ್ಣು ತರಿಸುವ ಚೀಟಿ ಅವಳ ಕೈಯಲ್ಲಿತ್ತು. ಕ್ಯಾಟಲಾಗು ಅವಳಿನ್ನೂ ನೋಡಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಎಲ್ಲರೂ ತನ್ನತ್ತ ತಿರುಗಿದ್ದನ್ನು ಕಂಡು, ಬೂಟು ಒಳಗೆ ಹಾಕಿಕೊಂಡು ಬಂದೆನೇ ಎಂದು ಕಾಲು ನೋಡಿಕೊಂಡಳು.

ಅಷ್ಟರಲ್ಲಿ ಹೆಡಿಯ ಫೋನು ಹೊಡೆದುಕೊಂಡಿತು. ಸಸ್ಕ್ಯಾಚವಾನಿನ ಯಾವುದೋ ಹಳ್ಳಿಯ ರೈತನ ಹೆಂಡತಿ. ಕ್ಯಾಟಲಾಗು ಈಗಷ್ಟೇ ಸಿಕ್ಕಿತಂತೆ. ಹೊಸ ಟೊಮೇಟೊ ಬೀಜ ಬೇಕಂತೆ. "ಅಲ್ಲಾ, ಒಂದು ಕೇಳ್ಬೇಕಿತ್ತು. ಮಿಲಾಗ್ರೋಸ್ ಅಂದ್ರೆ ಯಾರು? ಸಂತಳ ಹೆಸರಾ? ಹೂವಿನ ಹೆಸರಾ? ನಮ್ಮನೇಲಿ ಬೆಳಿಗ್ಗೆಯಿಂದ ಅದೇ ಜಗಳ."

"ಒಂದ್ನಿಮಿಷ ಇರಿ" ಎಂದಳು ಹೆಡಿ. ಕ್ಯಾಟಲಾಗಿನ ಮೂವತ್ತೊಂದನೇ ಪುಟ ಬಿಡಿಸಿ ಆತೆಯ ಮುಂದಿಟ್ಟು, ಫೋನನ್ನು ಅವಳ ಕೈಗೆ ಕೊಟ್ಟಳು. ಪ್ರಶ್ನೆಯನ್ನೂ ಹೇಳಿದಳು.

ಆತೆ ಕನ್ನಡಕವನ್ನು ತಲೆಯಿಂದ ಮೂಗಿಗಿಳಿಸಿದಳು. ಪುಟ ತುಂಬ ಅವಳ ಟೊಮೇಟೊ. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. ಉಗುರಿನಲ್ಲಿ ಮಣ್ಣಿದ್ದ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸಿಕೊಂಡು ಹೋದಳು. ಕೊನೆಯ ಅಕ್ಷರ ಮುಟ್ಟಿ, ಮತ್ತೆ ಮೊದಲಿನಿಂದ ಶುರು ಮಾಡಿದಳು. ಫೋನಿನಿಂದ "ಹಲೋ? ಹಲೋ?" ಕೇಳಿಬರುತ್ತಿತ್ತು.

ಗಾರ್ನೆಟ್ ಮುಂದೆ ಬಂದು, ವಿಲ್ಮರನ ಕ್ಯಾಮೆರಾಕ್ಕೆ ಸರಿಯಾಗಿ ನಿಂತು, "ಆತೆ, ನಾನು..." ಎಂದು ಶುರು ಮಾಡಿದ.

"ಸರ್, ಸ್ವಲ್ಪ ಆ ಕಡೆ ನಿಲ್ಲಿ. ಕೇಳಿಸ್ತಿಲ್ಲ" ಎಂದಳು ಆತೆ. ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮೊದಲ ಮಾತು ಅರ್ಧಕ್ಕೇ ನಿಂತಿತು. ಎರಡನೇ ಸಲ ದನಿ ಸರಿಯಾಗಿ ಹೊರಟಿತು.

"ಹಲೋ. ಸಂತಳೂ ಅಲ್ಲ, ಹೂವೂ ಅಲ್ಲಮ್ಮಾ. ಮಿಲಾಗ್ರೋಸ್ ಅಂದ್ರೆ ನಾನು. ನಾನೇ ಮಾತಾಡ್ತಿರೋದು. ಕೇಳಿ, ಮೇ ಕೊನೇಗಿಂತ ಮುಂಚೆ ಸಸಿ ಹೊರಗಿಡ್ಬೇಡಿ. ಎಷ್ಟು ಪ್ಯಾಕೆಟ್ ಬೇಕು?"